ಕಂಬಳಿಗೆ ಹಚ್ಚಿದ ಕೌದಿ

ನನ್ನ ಮೊಣಕಾಲು ಕೈಕೊಟ್ಟಾಗ ಕೌದಿಯ ಕೆಲಸವೂ ಕೈಬಿಟ್ಟುಹೋಯಿತು ಅಂದುಕೊಂಡಿದ್ದೆ. ಬಟ್ಟೆಯ ತುಂಡುಗಳನ್ನು ನೆಲಕ್ಕೆ ಹರವಿ, ಕುಕ್ಕರಗಾಲಿನಲ್ಲಿ ಸುತ್ತಲೂ ಸರಿಯುತ್ತ ಜೋಡಿಸಬೇಕು. ನಾನೀಗ ಕೂತರೆ ಎಬ್ಬಿಸಲು ಇಬ್ಬರು ಬೇಕು. ಮಗಳು ಸೀಮಾ ಬಾಣಂತನಕ್ಕೆ ನಮ್ಮೂರು ಕರಜಗಿಗೆ ಬಂದು ಹೆಣ್ಣು ಹಡೆದಳು. ಬರುವ ಸೋಮವಾರ ತೊಟ್ಟಿಲಿಗೆ ಹಾಕುವುದು. ನಮ್ಮ ಮನೆತನದಲ್ಲಿ ಕೂಸು ಅಂದು ಮಲಗುವುದು ತಾಯಿಯ ತಾಯಿ ಹೊಲಿದ ಕೌದಿಯ ಮೇಲೆ. ಸೀಮಾಳಿಗೆ ನನ್ನವ್ವ ಹೊಲಿದಿದ್ದಳು. ಈಗ ನಾನು ಸೋತರೆ ಹೇಗೆ?

ಬೀಗತಿ ರುಕ್ಮಿಣಿಬಾಯಿ ಮೊಮ್ಮಗಳನ್ನು ನೋಡಲು ಖಜೂರಿಯಿಂದ ಬಂದಿದ್ದಳು. ನಾನು ಗೋಡೆ ಹಿಡಿದು ಏಳುವುದನ್ನು ಕಂಡು, “ಯಾಕ ತ್ರಾಸ ತಗೋತೀರಿ? ನಾ ಹೊಲಿದದ್ದೊಂದು ಚೀಲದಾಗ ಅದ,” ಅಂದಳು. ಪ್ರೀತಿಯಿಂದಲೇ ಅಂದಳು. ಅದಕ್ಕೇ ನನಗೆ ಇನ್ನೂ ಉರಿಯಿತು.

“ಚೀಲದಾಗೇ ಇರ್ಲಿ ಬಿಡ್ರಿ,” ಅಂದೆ.

ಸೀಮಾ ನಕ್ಕಳು. “ಯವ್ವಾ, ನೆಲದ ಮ್ಯಾಲೇ ಯಾಕ ಹರವಬೇಕು? ಮೊಬೈಲ್‌ನ್ಯಾಗ ನೋಡೇನಿ, ಹೊರದೇಶದ ಹೆಣ್ಮಕ್ಕಳು ಗ್ವಾಡಿಗಿ ಜುಂಗಿನ ಬಟ್ಟಿ ಬಿಗದು, ತುಂಡು ಹಚ್ಚಿ, ನಿಂತೇ ಜೋಡಸ್ತಾರ. ಸೂಜಿ ಬ್ಯಾಡ, ಏನೂ ಬ್ಯಾಡ. ತಾನೇ ಹಿಡ್ಕೋತದ.”

ನಮ್ಮ ಮನೆಯಲ್ಲಿ ಅಂಥ ಜುಂಗಿನ, ಮೈಯೆಲ್ಲ ಎಳೆ ಎದ್ದ ಬಟ್ಟೆ ಅಂದರೆ ಒಂದೇ, ನನ್ನ ಗಂಡನ ಕರಿ ಕಂಬಳಿ. ಗಂಡನ ಹೆಸರು ನಾನು ಹೇಳುವುದಿಲ್ಲ, ಊರವರು ಚಂದ್ರಾಮಪ್ಪ ಅನ್ನುತ್ತಾರೆ, ನನಗೆ ಬರೀ ‘ಇವರು’. ಇವರು ಹೊಲಕ್ಕೆ ಹೋದದ್ದು ನೋಡಿ, ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ಕಂಬಳಿಯನ್ನು ಬಿಗಿದೆವು. ಸವೆದ ಇಳಕಲ್ ಸೀರೆಯ ತುಂಡೊಂದನ್ನು ಅಂಗೈಯಿಂದ ಒತ್ತಿದೆ. ಹಿಡಿದುಕೊಂಡಿತು. ನೈಲಾನಿನ ತುಂಡು ಜಾರಿ ಬಿತ್ತು. ಬೀಳಲಿ, ಅದು ಕೂಸಿನ ಮೈಗೂ ಆಗದು. ಮಂಚದ ಮೇಲೆ ಕೂತು ಚಹಾ ಕುಡಿಯುತ್ತ ನೋಡಿದೆ. ಇಷ್ಟು ವರ್ಷ ಕೌದಿ ಹೊಲಿದವಳು, ಹೊಲಿಯುವ ಮೊದಲೇ ಇಡೀ ಕೌದಿಯನ್ನು ಕಣ್ತುಂಬ ಕಂಡದ್ದು ಅಂದೇ. ಖುಷಿಗೆ ಒಬ್ಬಳೇ ನಕ್ಕೆ.

ಕೂಸಿನ ಕೌದಿಗೆ ಹಿರಿಯರು ಉಟ್ಟು ತೊಟ್ಟ ಬಟ್ಟೆಯೇ ಬೇಕು. ಇವರಿಂದ ನಾನು ಕೇಳಿದ್ದು ನಮ್ಮ ಮದುವೆಯಲ್ಲಿ ತಲೆಗೆ ಸುತ್ತಿದ್ದ ಹಳದಿ ರುಮಾಲಿನ ಒಂದು ಅಂಚು.

“ಧೋತರ ಹರಿ, ಅಂಗಿ ಹರಿ. ರುಮಾಲಿಗಿ ಕತ್ರಿ ಹಚ್ಚಬ್ಯಾಡ,” ಅಂದು ಎದ್ದು ಹೋದರು.

ಧೋತರ ನನಗೆ ಬೇಡ. ನನಗೂ ಹಟವಿದೆ. ಕೆಳಗಿನ ಮೂಲೆಯನ್ನು ರುಮಾಲಿಗೆಂದು ಖಾಲಿಯೇ ಬಿಟ್ಟೆ.

ಗೋಡೆಯ ಕೌದಿಗೆ ಒಂದೇ ಕೆಟ್ಟ ಗುಣ, ಓಣಿಯಲ್ಲಿ ಹೋಗುವವರಿಗೆಲ್ಲ ಅದು ಕಾಣುತ್ತದೆ. ಪಕ್ಕದ ಮನೆಯ ನಜಮುನ್ನಿಸಾ, ಹೊಲಿಗೆ ಮಷೀನು ಇಟ್ಟುಕೊಂಡವಳು, ಒಳಗೆ ಬಂದು, “ಹಣಮಕ್ಕಾ, ಈ ಹಸರ ಇಲ್ಲಿ ಕೂಡಂಗಿಲ್ಲ,” ಅಂದು ಕಿತ್ತು ಬೇರೆ ಕಡೆ ಹಚ್ಚಿದಳು. ರುಕ್ಮಿಣಿಬಾಯಿ ಕೆಂಪು ತುಂಡನ್ನು ನಡುವಿನಿಂದ ಮೇಲಿನ ಮೂಲೆಗೆ ಒಯ್ದಳು. ಹಾಲು ಹಾಕುವವ, ಶ್ರೀಮಂತ ಅಂತ ಹೆಸರು, ಅವನೂ ಒಂದು ತುಂಡು ಸರಿಸಿಯೇ ಹೋದ. ನಾನು ತಿರುಗಿ ಹಚ್ಚುವುದು, ಅವರು ಮತ್ತೆ ಕೀಳುವುದು.

“ಕೌದಿ ನಂದೋ, ಊರಿಂದೋ?” ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೀಮಾ ಫೋಟೋ ತೆಗೆಯಲು ಮೊಬೈಲ್ ಎತ್ತಿದಾಗ ಆ ಸಿಟ್ಟೆಲ್ಲ ಅವಳ ಮೇಲೆ ಹೋಯಿತು. “ಕೂಸಿನ ಕೌದಿಗಿ ದೃಷ್ಟಿ ತಾಗ್ತದ. ಒಳಗ ಇಡು.” ಸಂಜೆಗೆ ಸಾಕಾಗಿ, ಅವರು ಹಚ್ಚಿದಂತೆಯೇ ಬಿಟ್ಟೆ. ನಾಳೆ ಸೂಜಿ ಹಿಡಿಯುವುದೆಂದು ಮಲಗಿದೆ.

ನಸುಕಿನಲ್ಲಿ ಕರೆಂಟ್ ಬಂದಿತು. ಹೊಲದ ಪಂಪು ಚಾಲು ಮಾಡಬೇಕೆಂದು ಇವರು ನಿದ್ದೆಗಣ್ಣಿನಲ್ಲಿ ಎದ್ದವರು ಗೂಟಕ್ಕೆ ಕೈ ಹಾಕಿದರು, ಕಂಬಳಿ ಅಲ್ಲಿಲ್ಲ. ಕೈಗೆ ಗೋಡೆಯ ಮೇಲೆ ಸಿಕ್ಕಿತು. ಎಳೆದುಕೊಂಡು ಅಂಗಳಕ್ಕೆ ಹೋಗಿ, ಎಂದಿನಂತೆ ಜೋರಾಗಿ ಜಾಡಿಸಿದರು. ಕಂಬಳಿಯಲ್ಲಿ ಚೇಳು ಇದ್ದೀತು, ಜಾಡಿಸದೆ ಹೊದೆಯುವ ರೂಢಿ ನಮ್ಮಲ್ಲಿಲ್ಲ. ಹೊದ್ದುಕೊಂಡು ನಡೆದರು.

ಬೆಳಗಾದಾಗ ನನ್ನ ಕೌದಿಯ ಮೇಲೆ ಕೋಳಿಗಳು ಅಡ್ಡಾಡುತ್ತಿದ್ದವು. ಮೊಣಕಾಲು ಮರೆತು ನೆಲಕ್ಕೆ ಕೂತು ಅತ್ತುಬಿಟ್ಟೆ. ಮತ್ತೆ ಜೋಡಿಸಲು ಎರಡು ದಿನವಾದರೂ ಬೇಕು, ಹೊಲಿಯುವುದು ಯಾವಾಗ? ಬೀಗತಿಯ ಚೀಲವೇ ಗತಿ ಅನಿಸಿತು.

ರುಕ್ಮಿಣಿಬಾಯಿ ಬಂದು ಕೆಂಪು ತುಂಡನ್ನು ಎತ್ತಿ ಧೂಳು ಕೊಡವಿದಳು. “ಅಳಬ್ಯಾಡ್ರಿ. ಇದರ ಜಾಗಾ ನನಗ ಗೊತ್ತದ. ಇದರ ಸಲುವಾಗಿ ನಿಮ್ಮ ಕೂಡ ಎಷ್ಟ ಜಗಳಾಡೇನಿ,” ಅಂದಳು. ಆಮೇಲೆ ಗೋಡೆಯಾಚೆ ಮುಖ ಮಾಡಿ ನಜಮುನ್ನಿಸಾಳನ್ನು ಕರೆದಳು.

ಅಷ್ಟರಲ್ಲಿ ಇವರೂ ಅರ್ಧ ದಾರಿಯಿಂದ ತಿರುಗಿ ಬಂದರು. ಬೆನ್ನಿನ ಮೇಲೆ ನನ್ನ ಸೀರೆಯ ತುಂಡು ಅಂಟಿದ್ದನ್ನು ಕಂಡು ಓಣಿಯವರು ನಕ್ಕರಂತೆ. ಬೈಯಲು ಬಾಯಿ ತೆರೆದವಳು ಆ ಮುಖ ನೋಡಿ ಕಂಬಳಿಗೆ ಕೈ ಚಾಚಿದೆ. ಕಂಬಳಿ ಮತ್ತೆ ಗೋಡೆಗೇರಿತು. ನಜಮುನ್ನಿಸಾ ತನ್ನ ಹಸಿರು ಹಚ್ಚಿದಳು, ಹಾಲಿನ ಚೊಂಬು ಕೆಳಗಿಟ್ಟು ಶ್ರೀಮಂತ ತನ್ನದನ್ನು ಹಚ್ಚಿದ. ಜಗಳಾಡಿದ ತುಂಡುಗಳ ಜಾಗ ಅವರಿಗೆ ನೆನಪಿತ್ತು, ಉಳಿದವುಗಳದು ನನಗೆ. ಚಹಾ ಆರುವುದರೊಳಗೆ ಕೌದಿ ನಿಂತಿತು.

ಆದರೆ ಒಂದು ತುಂಡು ಉಳಿಯಿತು. ಹಳದಿ.

“ಇದ ಯಾರದು?” ನಜಮುನ್ನಿಸಾ ಕೇಳಿದಳು. ಇವರು ಹೊಸ್ತಿಲು ನೋಡುತ್ತ ನಿಂತಿದ್ದರು.

“ಕೆಳಗಿನ ಮೂಲ್ಯಾಗ ಹಚ್ಚಿದ್ದೆ,” ಅಂದರು. “ನಿನ್ನೆ ನೀವೆಲ್ಲಾ ಒಳಗ ಉಣ್ಣಾಕತ್ತಾಗ.”

“ಹಚ್ಚಿದ್ದು ನೆನಪಿತ್ತಲ್ಲ, ಮತ್ತ್ಯಾಕ ಜಾಡಿಸಿದ್ರಿ?” ಅಂದೆ.

“ನನಗ ನೆನಪಿತ್ತು. ಕೈಗಿ ಇರ್ಲಿಲ್ಲ.”

ಎಲ್ಲರೂ ನಕ್ಕರು. ನನಗೆ ಮಾತ್ರ ಮತ್ತೆ ಅಳು ಬಂತು, ಈ ಸಲ ಬೇರೆ ಅಳು. ತುಂಡನ್ನು ಅವರ ಕೈಗೇ ಕೊಟ್ಟೆ, ಅವರೇ ಹಚ್ಚಿದರು.

ಕೌದಿಯ ನಾಲ್ಕೂ ಬದಿಗೆ ನಾಲ್ವರು ಕೂತು ಹೊಲಿದೆವು, ನಾನು ಮಂಚದ ಮೇಲೆ. ಕೊನೆಯ ಮೂಲೆ ಮುಚ್ಚುವ ಮೊದಲು, ಕೌದಿ ಹಸಿದಿರಬಾರದೆಂದು, ಹೋಳಿಗೆಯ ಚೂರೊಂದನ್ನು ರುಕ್ಮಿಣಿಬಾಯಿಯ ಕೈಯಿಂದಲೇ ಇಡಿಸಿದೆ. “ಈಗ ನಿಮ್ಮ ಚೀಲ ಬಿಚ್ಚರಿ,” ಅಂದೆ. ಸೋಮವಾರ ನನ್ನ ಕೌದಿ ಹಾಸಿಗೆಯಾಯಿತು, ಅವಳದು ಹೊದಿಕೆಯಾಯಿತು.

ಇವರು ಅಂದು ಹಳದಿ ರುಮಾಲು ಸುತ್ತಿಕೊಂಡು ಬಂದಿದ್ದರು. ಕತ್ತರಿಸಿದ ಅಂಚನ್ನು ಒಳಗೆ ಸಿಕ್ಕಿಸಿರಲಿಲ್ಲ. ಎಲ್ಲರಿಗೂ ಕಾಣಲೆಂದು ಮುಂದಕ್ಕೆ ಇಳಿಬಿಟ್ಟಿದ್ದರು.