ಮೈಕಪ್ಪನ ಮನೆದನಿ

ಮೂವತ್ತೇಳೂಕಾಲು, ಹೋದ ಭಾನುವಾರ ಮೂವತ್ತಾರೇ ಇತ್ತಲ್ಲ ಎಂದು ಟೈಲರಮ್ಮ ಗಂಡನ ಸೊಂಟಕ್ಕೆ ಸುತ್ತಿದ ಟೇಪನ್ನು ಇನ್ನೊಮ್ಮೆ ಎಳೆದು ನೋಡುತ್ತಾಳೆ, ಎರಡು ತುತ್ತಿಗೇ ತಟ್ಟೆ ತಳ್ಳುವ ಮನುಷ್ಯನ ಸೊಂಟ ಬೆಳೆಯುವುದೆಂದರೇನು, ನೀರು, ಮತ್ತೆ ನೀರು ತುಂಬುತ್ತಿದೆ, ಕಳೆದ ಸಲವೂ ಹೀಗೇ ಶುರುವಾಗಿ ಐದನೇ ದಿನಕ್ಕೆ ಆಂಬುಲೆನ್ಸು — ಏನೇ, ಪ್ಯಾಂಟ್ ಹೊಲೀತೀಯೋ ಡೇರೆ ಹೊಲೀತೀಯೋ, ನಗು ನೋಡು, ನಗುವಿಗೂ ನಡುವೆ ಉಸಿರು ಬೇಕು ಈಗ, ರಾತ್ರಿ ಮೂರು ದಿಂಬು ಬೇಕು, ಆದರೆ ಆ ಮೊಬೈಲು ಮಾತ್ರ ಒಂಬತ್ತು ದಿನದಿಂದ ಹಸಿರು ಚುಕ್ಕಿ ತೋರಿಸುತ್ತಿದೆ, ಆಸ್ಪತ್ರೆಯವರು ಹಾಕಿಕೊಟ್ಟ ಕೃತಕ ಬುದ್ಧಿಯಂತೆ, ಬೆಳಿಗ್ಗೆ ಬೆಳಿಗ್ಗೆ ಅದರೆದುರು ನಾಲ್ಕು ಸಾಲು ಓದಬೇಕು, ಸೋತ ಹೃದಯ ಎದೆಯಲ್ಲಿ ನೀರು ನಿಲ್ಲಿಸಿದರೆ ದನಿಯಲ್ಲೇ ಅದಕ್ಕೆ ಗೊತ್ತಾಗುತ್ತದೆ, ಹಸಿರಾದರೆ ಮನೆ, ಕೆಂಪಾದರೆ ಆಸ್ಪತ್ರೆ, ಅದಕ್ಕೇನು ಗೊತ್ತು ಪಾಪ, ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಅನೌನ್ಸ್ ಮಾಡಿದ ಗಂಟಲು ಇದು, ಊರೆಲ್ಲ ಮೈಕಪ್ಪ ಎಂದೇ ಕರೆಯುವುದು, ಮೊಬೈಲು ಬಾಯಿಯ ಹತ್ತಿರ ಬಂತೋ ಬೆನ್ನು ನೆಟ್ಟಗೆ, ಎದೆ ಮುಂದೆ, ಪ್ರಯಾಣಿಕರ ಗಮನಕ್ಕೆ ಎನ್ನುವ ಅದೇ ಗತ್ತು, ನಾಲ್ಕು ಸಾಲೂ ಒಂದೇ ಉಸಿರಿಗೆ, ಆಮೇಲೆ ಗೋಡೆ ಹಿಡಿದು ಕೂರುವುದು ನನ್ನೆದುರು — ನರ್ಸ್ ಹುಡುಗಿ ಫೋನಿನಲ್ಲಿ, ಅಮ್ಮಾ, ಹಸಿರು ಬಂದಿದೆ, ಅವರೂ ಚೆನ್ನಾಗಿದ್ದೀನಿ ಅಂತಾರೆ, ನೀವ್ಯಾಕೆ ಗಾಬರಿ ಮಾಡ್ಕೋತೀರ, ಈ ಮಹಾಶಯರೋ, ಯಂತ್ರಕ್ಕಿಂತ ನೀನು ಹೆಚ್ಚೇನೇ, ಆಸ್ಪತ್ರೆಗೆ ನಾನು ಬರಲ್ಲ, ಹೌದು, ಹೆಚ್ಚೇ, ಅದು ಕೇಳುವುದು ಮೈಕಪ್ಪನನ್ನು, ನಾನು ಕೇಳುವುದು ನನ್ನ ಗಂಡನನ್ನು, ಅದಕ್ಕೂ ಅವನನ್ನೇ ಕೇಳಿಸುತ್ತೇನೆ, ಬಿಡುವವಳಲ್ಲ ನಾನು, ಮೊಬೈಲಿನಲ್ಲಿ ದನಿ ಕೇಳುವ ಗುಂಡಿ ಒತ್ತಿ ಹೊಲಿಗೆ ಮೆಷಿನ್ನಿನ ಮೇಲಿಟ್ಟು ತೆಳ್ಳನೆಯ ಲೈನಿಂಗ್ ಬಟ್ಟೆ ಮುಚ್ಚಿದ್ದಾಯಿತು, ಈಗ ಕಾಲಿನ ಅಳತೆಗೆ ಬಗ್ಗಿದಂತೆ ಮಾಡಿ, ರೀ, ದಿನಾ ನೋಡಿಕೊಂಡು ಓದ್ತೀರಲ್ಲ, ಆ ನಾಲ್ಕು ಸಾಲು ಬಾಯಿಪಾಠ ಬರುತ್ತೋ ಇಲ್ವೋ, ವಯಸ್ಸಾಯ್ತು ಬಿಡಿ — ಬಿತ್ತು, ಕೆಣಕಿದರೆ ಸುಮ್ಮನಿರುವ ಪ್ರಾಣಿಯೇ ಅಲ್ಲ, ಯಾರಿಗೆ ವಯಸ್ಸು, ಕೇಳು, ಬೆಳಗಿನ ಗಾಳಿ, ಹಾಂ, ತಂಪಾಗಿದೆ, ನಾನು, ನಿಧಾನ, ನಿಧಾನವಾಗಿ ನಡೆಯುತ್ತೇನೆ, ಪದ ಪದಕ್ಕೂ ಕೆರೆಯಲ್ಲಿ ಮುಳುಗೆದ್ದವನ ಹಾಗೆ, ಅಯ್ಯೋ ಸಾಕು ಎನ್ನಬೇಕು, ಎನ್ನಬಾರದು, ಇನ್ನೆರಡೇ ಸಾಲು, ಹೇಳಪ್ಪಾ ದೊರೆ, ಹೇಳು — ಹೇಳಿಬಿಟ್ಟ, ನೋಡಿದೆಯಾ ಎನ್ನುವಂತೆ ಹುಬ್ಬು ಹಾರಿಸುತ್ತಿದ್ದಾನೆ, ಅವಳು ಮೊಬೈಲಿನ ಮೇಲಿನ ಬಟ್ಟೆ ಸರಿಸುತ್ತಾಳೆ, ಇದು ಮೋಸ ಕಣೇ, ಮೋಸ ಮಾಡಿದ್ದು ಯಾರು, ನಾನೋ ನೀವೋ, ಶರ್ಟ್ ಹಾಕ್ಕೊಳ್ಳಿ, ಆಟೋ ಕರೀತೀನಿ, ಈಗ ಹೇಳಲಿ ಆ ಹುಡುಗಿ ಗಾಬರಿ ಬೇಡ ಅಂತ, ಗೆದ್ದೆ, ಟೇಪೇ ಗೆದ್ದಿತು, ಇಷ್ಟು ದಿನ ಬರಲಿ ಬರಲಿ ಎಂದು ಹಲ್ಲು ಕಚ್ಚಿ ಕಾದಿದ್ದು ಬಂತು, ಬಂದಿದೆ, ಮತ್ತೆ ಈ ಟೇಪನ್ನೇಕೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದೇನೆ, ರೀ, ಏಳಿ, ಮೇಲೆ ಏಳಿ ಅಂದೆನಲ್ಲ, ಕೆಂಪು, ಅಂಗಿಗುಂಡಿಯಷ್ಟೇ ಅಗಲ, ಮಿಣುಕುವುದೂ ಇಲ್ಲ, ಕೆಂಪು, ಸುಮ್ಮನೆ ಅಲ್ಲೇ, ಕೆಂಪು