ಮುಂದಿನ ಆದೇಶದವರೆಗೆ

ಒಂದು ಕಾಗದವನ್ನು ಸೊಗಸಾಗಿ ಬರೆದೆ ಎಂಬ ಹೆಮ್ಮೆ ನರಹರಿಗೆ ಹನ್ನೊಂದು ತಿಂಗಳು ಇತ್ತು. ಹನ್ನೆರಡನೆಯ ತಿಂಗಳಿಗೆ ಅದೇ ಕಾಗದ ಮಗಳ ಕುತ್ತಿಗೆಗೆ ಬಂತು.

ನರಹರಿ ಹಾವೇರಿ ಕಡೆಯವನು. ಇಪ್ಪತ್ತೇಳು ವರ್ಷದಿಂದ ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇಂಜಿನಿಯರ್. ಅದರ ಟೌನ್‌ಶಿಪ್‌ನಲ್ಲೇ ಮನೆ. ಯಂತ್ರಗಳ ವಿಷಯದಲ್ಲಿ ಅವನು ಎಲ್ಲರಂಥವನೇ, ಆದರೆ ಕಾಗದ ಬರೆಯುವುದರಲ್ಲಿ ಎತ್ತಿದ ಕೈ. ರಜೆಯ ಅರ್ಜಿ, ವರ್ಗಾವಣೆಯ ಮನವಿ, ಮೇಲಿನವರ ಬಾಯಿ ಮುಚ್ಚಿಸುವ ಜವಾಬು, ಏನೇ ಬೇಕಾದರೂ ಇಡೀ ವಿಭಾಗ ಅವನ ಮೇಜಿಗೆ ಬರುತ್ತಿತ್ತು. ಟೌನ್‌ಶಿಪ್‌ನ ಮಹಿಳಾ ಫುಟ್‌ಬಾಲ್ ಕ್ಲಬ್ಬಿನವರು ಅವನನ್ನು ಸಮಿತಿಗೆ ಎಳೆದುಕೊಂಡದ್ದೂ ಅದಕ್ಕೇ. ಆಟದ ಗಂಧಗಾಳಿ ಅವನಿಗಿರಲಿಲ್ಲ. ಆಟವೆಲ್ಲ ಮಗಳದು. ನೇಹಾ, ಇಪ್ಪತ್ತು ವರ್ಷ, ಆ ಕ್ಲಬ್ಬಿನ ಎರಡನೇ ಗೋಲ್‌ಕೀಪರ್. ಮೊದಲನೆಯವಳಾದ ಹೇಮಾಕ್ಷಿಗೆ ಒಂದು ನೆಗಡಿಯೂ ಬಾರದ ಕಾರಣ ಎರಡು ವರ್ಷ ಬೆಂಚಿನ ಮೇಲೆ ಕೂತು ಸವೆದವಳು.

ಕಳೆದ ವರ್ಷ ಕ್ಲಬ್ಬಿನ ಕಾರ್ಯದರ್ಶಿ ರಾಮಮೋಹನ್ ಒಂದು ದಾರಿ ತೋರಿಸಿದ. ವಿಜಯವಾಡದ ಒಂದು ಹೊಸ ಕ್ಲಬ್ಬಿಗೆ ಗೋಲ್‌ಕೀಪರ್ ಬೇಕು, ನೇಹಾಳನ್ನು ಒಂದು ಸೀಸನ್ ಲೋನ್ ಮೇಲೆ, ಅಂದರೆ ಎರವಲಾಗಿ, ಕೊಡೋಣ. ಅವರಿಗೆ ತಯಾರಾದ ಆಟಗಾರ್ತಿ ಸಿಗುತ್ತಾಳೆ, ಹುಡುಗಿಗೆ ಪಂದ್ಯಗಳು ಸಿಗುತ್ತವೆ, ನಮಗೆ ಪಳಗಿದ ಕೈ ವಾಪಸ್ ಬರುತ್ತದೆ. ಅಷ್ಟರಲ್ಲಿ ಹೇಮಾಕ್ಷಿಯೂ ಆಟ ಬಿಡುತ್ತಾಳೆ. ಕೇಳುತ್ತಿದ್ದಂತೆ ನರಹರಿಯ ಮುಖ ಅರಳಿತು. ಇದು ಡೆಪ್ಯುಟೇಶನ್ ಅಲ್ಲವೇ? ಅವನೇ ಒಮ್ಮೆ ಡೆಪ್ಯುಟೇಶನ್ ಮೇಲೆ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರಕ್ಕೆ ಹೋಗಿ ಬಂದವನು. ಹಾಗೆ ಬೇರೆ ಕಡೆ ಹೋದ ನೌಕರನ ಕುರ್ಚಿ ಮೂಲ ಕಚೇರಿಯಲ್ಲಿ ಅವನಿಗಾಗಿ ಕಾದಿರುತ್ತದೆ. ಆ ಹಕ್ಕಿಗೆ ಕಚೇರಿಯ ಮಂದಿ ಲೀನ್ ಎನ್ನುತ್ತಾರೆ.

"ಲೀನ್ ಇರತದ, ನಿನ್ನ ಜಾಗಾ ಎಲ್ಲೂ ಹೋಗಂಗಿಲ್ಲ" ಎಂದು ಮಗಳಿಗೆ ಧೈರ್ಯ ಹೇಳಿದ. ಕಪಾಟಿನಿಂದ ತನ್ನ ಹಳೆಯ ಡೆಪ್ಯುಟೇಶನ್ ಆದೇಶವನ್ನು ತೆಗೆದು, ಹೆಸರುಗಳನ್ನು ಬದಲಿಸಿ, ಒಂದೇ ಸಂಜೆಯಲ್ಲಿ ಒಪ್ಪಂದ ಸಿದ್ಧ ಮಾಡಿದ. ಇಂಥ ಇಂಗ್ಲಿಷ್ ನಮ್ಮ ಜಿಲ್ಲೆಯಲ್ಲೇ ಇಲ್ಲ ಎಂದು ರಾಮಮೋಹನ್ ಹೊಗಳಿದ. ನೇಹಾ ಹೋದಳು. ಹದಿನಾಲ್ಕು ಪಂದ್ಯ ಆಡಿದಳು, ಆರರಲ್ಲಿ ಒಂದು ಗೋಲನ್ನೂ ಬಿಡಲಿಲ್ಲ. ಆ ಆರರಲ್ಲಿ ಒಂದು ತನ್ನ ಸ್ವಂತ ಕ್ಲಬ್ಬಿನ ವಿರುದ್ಧ.

ಸೀಸನ್ ಮುಗಿಯಿತು. ಹೇಮಾಕ್ಷಿ ಮದುವೆಯಾಗಿ ರಾಜಮಂಡ್ರಿಗೆ ಹೋದಳು. ಅಭ್ಯಾಸ ಯಾವಾಗ ಶುರು, ನೇಹಾ ಯಾವತ್ತು ಬರಬೇಕು ಎಂದು ಕೇಳಲು ನರಹರಿ ಕ್ಲಬ್ಬಿನ ಕೋಣೆಗೆ ಹೋದಾಗ ರಾಮಮೋಹನ್ ಕುರ್ಚಿ ತೋರಿಸಿ, ಚಹಾ ತರಿಸಿದ. ಚಹಾ ತರಿಸಿದಾಗಲೇ ನರಹರಿಗೆ ಅನುಮಾನ ಬರಬೇಕಿತ್ತು.

"ಅಖಿಲಾ ಅಂತ ಹೈದರಾಬಾದ್ ಗೋಲ್‌ಕೀಪರ್ ಬಂದಿದಾಳೆ ನರಹರಿಗಾರು. ಲೋನ್ ಮೇಲೆ ತಂದಿದ್ದೀವಿ. ಈ ಸಲ ಕಪ್ ಗೆಲ್ಲಲೇಬೇಕಲ್ಲ" ಎಂದ ರಾಮಮೋಹನ್. ಅವರ ಮಾತುಕತೆಯೆಲ್ಲ ತೆಲುಗಿನಲ್ಲಿ. ಆ ಟೌನ್‌ಶಿಪ್‌ನಲ್ಲಿ ಜಗಳಕ್ಕೂ ತೆಲುಗೇ.

"ನಮ್ಮ ಹುಡುಗಿಯನ್ನ ಪರಊರಿಗೆ ಕೊಟ್ಟು, ಪರಊರಿನ ಹುಡುಗಿಯನ್ನ ತಂದಿರಾ? ವರ್ಷದ ಮೇಲೆ ಆಕೆ ಹೊರಟುಹೋದರೆ ಗೋಲಿನಲ್ಲಿ ಯಾರನ್ನ ನಿಲ್ಲಿಸ್ತೀರಿ?"

"ಆಗ ಇನ್ನೊಬ್ಬಳನ್ನ ತರೋಣ."

ನರಹರಿಗೆ ಮೈಯೆಲ್ಲ ಉರಿದುಹೋಯಿತು. ಹತ್ತು ವರ್ಷದಿಂದ ಟೌನ್‌ಶಿಪ್‌ನ ಮಕ್ಕಳನ್ನು ಬೆಳಗಿನ ಐದು ಗಂಟೆಗೆ ಎಬ್ಬಿಸಿ ಓಡಿಸಿದ ಕ್ಲಬ್ಬು ಇದು. ಈಗ ಎರವಲು ತಂದ ಕಾಲಿನಲ್ಲಿ ಓಡಿ, ಎರವಲು ತಂದ ಕೈಯಲ್ಲಿ ಕಪ್ ಎತ್ತುತ್ತದಂತೆ. ಆದರೂ ಸಿಟ್ಟು ನುಂಗಿಕೊಂಡು, ಹಾಗಾದರೆ ನೇಹಾಳನ್ನು ಬಿಟ್ಟುಕೊಡಿ ಎಂದ. ವಿಜಯವಾಡದವರು ಅವಳನ್ನು ತಮ್ಮ ಸ್ವಂತ ಆಟಗಾರ್ತಿಯಾಗಿ ತೆಗೆದುಕೊಳ್ಳಲು ಸಿದ್ಧರಿದ್ದರು. ಬೇಕಾಗಿದ್ದದ್ದು ಇಲ್ಲಿಯ ಒಂದು ಬಿಡುಗಡೆ ಪತ್ರ, ಅದೂ ಶನಿವಾರದೊಳಗೆ. ಶನಿವಾರ ನೋಂದಣಿ ಮುಚ್ಚಿದರೆ ವರ್ಷವಿಡೀ ಅವಳು ಯಾವ ಗೋಲಿನಲ್ಲೂ ನಿಲ್ಲುವಂತಿಲ್ಲ.

"ಬಿಟ್ಟುಕೊಟ್ಟರೆ ನಮ್ಮ ಎದುರಿಗೇ ನಿಂತು ಚೆಂಡು ಹಿಡೀತಾಳೆ. ಹೋದ ವರ್ಷ ಹಿಡಿದದ್ದು ಸಾಲದಾ? ಬೇಕಾದರೆ ಲೋನ್ ಮೇಲೆ ಇನ್ನೊಂದು ವರ್ಷ ಇಟ್ಟುಕೊಳ್ಳಲಿ, ನಮ್ಮ ವಿರುದ್ಧ ಆಡಿಸಬಾರದು ಅಷ್ಟೇ."

"ಒಂದು ಸೀಸನ್ ಅಂತ ಬರೆದಿದೆ. ಮುಗಿಯಿತು."

ರಾಮಮೋಹನ್ ಫೈಲು ತೆಗೆದು, ನಾಲ್ಕನೆಯ ಷರತ್ತಿನ ಮೇಲೆ ಬೆರಳಿಟ್ಟು ಅವನ ಕಡೆ ತಿರುಗಿಸಿದ. ಒಂದು ಸೀಸನ್‌ಗೆ, ಅಥವಾ ಮುಂದಿನ ಆದೇಶದವರೆಗೆ. ಅದರ ಕೆಳಗೇ ಆರನೆಯದು: ಆಟಗಾರ್ತಿಯ ಲೀನ್ ಪೂರ್ತಿಯಾಗಿ ಮೂಲ ಕ್ಲಬ್ಬಿನಲ್ಲೇ ಇರತಕ್ಕದ್ದು.

"ಕೋಪ ಮಾಡ್ಕೋಬೇಡಿ ನರಹರಿಗಾರು. ಒಂದು ಅಕ್ಷರವೂ ನನ್ನದಲ್ಲ. ಎಲ್ಲ ನಿಮ್ಮ ಇಂಗ್ಲಿಷೇ."

ನರಹರಿ ಮೇಜು ಗುದ್ದಿದ. ಚಹಾ ಚೆಲ್ಲಿತು. ನೀನು ಮನುಷ್ಯನೇನಯ್ಯಾ ಎಂದ, ಕ್ಲಬ್ಬನ್ನು ಸಂತೆ ಮಾಡಿದೆ ಎಂದ, ಸಮಿತಿಯ ಮುಂದೆ ನಿನ್ನ ಮಾನ ಕಳೆಯುತ್ತೇನೆ ಎಂದ. ರಾಮಮೋಹನ್ ಒಪ್ಪಂದದ ಮೇಲೆ ಬಿದ್ದ ಚಹಾವನ್ನು ಕರ್ಚೀಫಿನಿಂದ ಒತ್ತಿ ಒರೆಸುತ್ತ ಕೂತಿದ್ದ. ಸಮಿತಿಯ ಏಳೂ ಜನ ಅದಕ್ಕೆ ಸಹಿ ಹಾಕಿದ್ದರು, ನರಹರಿಯದೇ ಮೊದಲನೆಯದು.

ಮನೆಗೆ ಬಂದು ಅವನು ರಾಮಮೋಹನನ ಮೂರು ತಲೆಮಾರನ್ನು ಬೈದು ಮುಗಿಸುವತನಕ ಹೆಂಡತಿ ಸುಶೀಲಾ ಕಾದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಆ 'ಮುಂದಿನ ಆದೇಶ'ದ ಮಾತು ನೀವ ಬರದ್ರೇನು?"

"ಅದು ಎಲ್ಲಾ ಆರ್ಡರ್‌ನಾಗೂ ಇರತದ ಸುಶೀಲಾ. ಅದನ್ನ ಹಿಂಗ ತಿರಗಸ್ತಾನ ಅಂತ ನನಗೇನ ಗೊತ್ತು?"

"ನಿಮಗ ಗೊತ್ತಿಲ್ಲಾ? ಎರಡು ವರ್ಷ ಅಂತ ಹೇಳಿ ಇಬ್ರಾಹಿಂಪಟ್ನಂಕ್ಕ ಹೋದ್ರಿ. ಎಷ್ಟು ವರ್ಷ ಆತು? ಆರು. ನೇಹಾಗ ಟೈಫಾಯ್ಡ್ ಬಂದಾಗ ಆಸ್ಪತ್ರ್ಯಾಗ ನಾ ಒಬ್ಬಾಕಿನ ಕೂತಿದ್ದೆ. ಯಾವಾಗ ಬರ್ತೀರಿ ಅಂತ ಕೇಳಿದ್ರ, ಮುಂದಿನ ಆರ್ಡರ್ ಬರಬೇಕು ಅಂತಿದ್ರಿ. ಆ ಮಾತನ್ನ ನಾ ನಿದ್ದ್ಯಾಗೂ ಮರತಿಲ್ಲ. ನೀವು ಅದನ್ನ ನೋಡ್ಕೊಂಡು ಕಾಪಿ ಮಾಡೀರಿ."

ಅಷ್ಟು ಹೇಳಿ ಅವಳು ಒಳಗೆ ಹೋದಳು. ಕೂಗಾಡಿದ್ದರೆ ನರಹರಿಯೂ ಕೂಗಾಡುತ್ತಿದ್ದ. ಬಾಗಿಲನ್ನೂ ಅವಳು ಬಡಿಯಲಿಲ್ಲ.

ಆದರೂ ಹುಟ್ಟುಗುಣ ಎಲ್ಲಿ ಹೋಗಬೇಕು? ನರಹರಿ ಮತ್ತೆ ಕಾಗದಕ್ಕೇ ಕೂತ. ರಾಜ್ಯದ ಫುಟ್‌ಬಾಲ್ ಲೀಗ್ ನಡೆಸುವವರಿಗೆ ನಾಲ್ಕು ಪುಟದ ಮನವಿ ಬರೆದ. ಶುಕ್ರವಾರ ಬೆಳಗಿನ ರೈಲು ಹತ್ತಿ, ದಾರಿಯುದ್ದಕ್ಕೂ ಅದನ್ನು ತಿದ್ದುತ್ತ, ತಿದ್ದಿದ ಕಡೆಯೆಲ್ಲ ಮನಸ್ಸಿನಲ್ಲೇ ರಾಮಮೋಹನನ ಕೆನ್ನೆಗೆ ಬಾರಿಸುತ್ತ ವಿಜಯವಾಡ ತಲುಪಿದ. ಇಳಿದವನೇ ಮೊದಲು ಹೋದದ್ದು ಬೆಂಜ್ ಸರ್ಕಲ್ ಹತ್ತಿರದ ಆ ಕ್ಲಬ್ಬಿನ ಕಚೇರಿಗೆ. ಒಂದು ಬೈಕ್ ಶೋರೂಮಿನ ಮೇಲಿನ ಮಹಡಿ ಅದು. ಕ್ಲಬ್ಬು ನಡೆಸುವ ದುರ್ಗಾಭವಾನಿ ಹಿಂದೊಮ್ಮೆ ಸ್ವತಃ ಆಡಿದವಳು, ಐವತ್ತರ ಹೆಂಗಸು. ಈ ವರ್ಷಕ್ಕೆ ಲೋನ್ ಮೇಲಾದರೂ ಇಟ್ಟುಕೊಳ್ಳಿ ಎಂದು ಅವನು ಬೇಡಿದ. ಬೇಡುವಾಗಲೂ ಅವನ ದನಿ ಗದರಿಸುವಂತೆಯೇ ಇತ್ತು.

"ಇಲ್ಲ ನರಹರಿಗಾರು" ಎಂದಳು ಆಕೆ. "ನಿಮ್ಮ ಹುಡುಗಿ ಬಂದು ನಮಗೆ ಒಳ್ಳೆಯದೇ ಆಯಿತು. ನಮ್ಮಲ್ಲಿ ಎರವಲು ತಂದದ್ದಕ್ಕೂ ಗೊಬ್ಬರಕ್ಕೂ ಒಂದೇ ಮಾತು, ಎರುವು ಅಂತೀವಿ. ಹಾಗೇ ಆಯಿತು, ಅವಳು ಬಂದಮೇಲೆ ನಮ್ಮ ತಂಡ ಬೆಳೀತು. ಆದರೆ ಅವಳಿಗೋಸ್ಕರ ನಮ್ಮದೇ ಹುಡುಗಿಯೊಬ್ಬಳು ವರ್ಷವಿಡೀ ಬೆಂಚಿನ ಮೇಲೆ ಕೂತಳು. ಅವರಮ್ಮ ಬಂದು ನನ್ನನ್ನ ಕೇಳಿದರೆ ಏನು ಹೇಳಲಿ? ನೇಹಾ ನಮ್ಮವಳಾದರೆ ಹೇಳೋಕೆ ಮಾತಿದೆ. ಇನ್ನೊಬ್ಬರ ಮನೆಗೆ ವಾಪಸ್ ಹೋಗುವವಳಿಗಾಗಿ ನನ್ನ ಹುಡುಗಿಯನ್ನ ಮತ್ತೆ ಕೂರಿಸಲಾರೆ."

ನರಹರಿಗೆ ಆಕೆಯ ಮೇಲೂ ಸಿಟ್ಟು ಮಾಡಬೇಕಿತ್ತು. ಆಕೆ ಹೇಳಿದ್ದು ಸರಿಯಾಗಿತ್ತು, ಅದು ಇನ್ನೂ ಸಿಟ್ಟು ತರಿಸಿತು. ಆಟೋ ಹಿಡಿದು ಗವರ್ನರ್‌ಪೇಟೆಗೆ ಬಂದ. ಅಲ್ಲಿಯ ಒಂದು ಟಿಫಿನ್ ಹೋಟೆಲಿನಲ್ಲಿ ಮಗಳು ಕಾಯುತ್ತಿದ್ದಳು.

ನೇಹಾಳ ಕನ್ನಡ ಮನೆಯಷ್ಟೇ ಅಗಲದ್ದು, ಅಪ್ಪ ಅಮ್ಮನ ಜೊತೆ ಬಿಟ್ಟರೆ ಇನ್ನೆಲ್ಲೂ ಅದಕ್ಕೆ ಕೆಲಸವಿಲ್ಲ. ಮಾತು ಸಾಲದೆ ಹೋದಲ್ಲಿ ತೆಲುಗು ಬರುತ್ತದೆ. ಅವಳು ಪೆಸರಟ್ಟು ತಿನ್ನುತ್ತಲೇ ಎಡಗೈಯಲ್ಲಿ ಮನವಿಯ ಹಾಳೆ ತಿರುವಿದಳು. ಮೊದಲ ಪುಟದಿಂದ ಕೊನೆಯ ಪುಟಕ್ಕೆ ಹೋಗಿ ಮತ್ತೆ ಮೊದಲಿಗೆ ಬಂದಳು.

"ಅಪ್ಪಾ, ಇದರಾಗ ನನ್ನ ಹೆಸರು ಒಂದ ಸಲ ಅದ. ಆಮೇಲೆ ಎಲ್ಲಾ ಕಡೆ 'ಸದರಿ ಆಟಗಾರ್ತಿ'. ಎಣಿಸಿದೆ, ಹನ್ನೊಂದು."

"ಹಂಗ ಬರೀಬೇಕು ನೇಹಾ. ಕಚೇರಿ ಪದ್ಧತಿ ಅದು. ನಾಳೆ ಸಂಜೀತನಕ ಟೈಮ್ ಅದ, ನೀ ಕೆಳಗ ಒಂದು ಸಹಿ ಮಾಡು, ನಾ ಈಗ ಹೋಗಿ ಕೊಟ್ಟು—"

"ಸಹಿ ಮಾಡು" ಎಂದು ಅವಳು ನಿಧಾನವಾಗಿ ಹೇಳಿಕೊಂಡಳು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಹೋದ ವರ್ಷ ಸಹಿ ಮಾಡೋ ದಿನ ನಾನು ನಿನ್ನ ಕೇಳಿದ್ದೆ. ಮುಂದಿನ ಆದೇಶ ಅಂದ್ರ ಯಾರ ಆದೇಶ ಅಂತ. ನೀ ಏನಂದಿ?"

ನರಹರಿಗೆ ನೆನಪಾಗಲಿಲ್ಲ. ಅವಳು ಕೇಳಿದ್ದೇ ನೆನಪಿರಲಿಲ್ಲ.

"'ಅದು ಫಾರ್ಮ್ಯಾಟ್, ಎಲ್ಲಾದರಾಗೂ ಇರತದ, ಸಹಿ ಮಾಡು' ಅಂದಿ. ತಲೀ ಸಹಿತ ಎತ್ತಲಿಲ್ಲ ನೀ. ರಾಮಮೋಹನ್ ಅಂಕಲ್ ಅಂದಿದ್ರ ನಾನು ಮಾಡತಿರಲಿಲ್ಲ. ಇನ್ನೊಂದು ಸಲ ಕೇಳತಿದ್ದೆ, ಇನ್ಯಾರಿಗರೆ ತೋರಿಸತಿದ್ದೆ. ನೀ ಅಂದಿ ಅಂತ ಮಾಡಿದೆ."

ಹೊರಗೆ ಸಾಲುಗಟ್ಟಿದ ಆಟೋಗಳ ಹಾರ್ನ್‌ಗಳು ಒಂದೇ ಸಮನೆ ಕಿರುಚುತ್ತಿದ್ದವು. ಪಕ್ಕದ ಮೇಜಿನವರು ಇತ್ತ ತಿರುಗಿ ನೋಡಿದರು. ನರಹರಿ ಮಾತಾಡಲು ಹೊರಟ. ರಾಮಮೋಹನನ ಹೆಸರು ಬಾಯಿಗೆ ಬಂದದ್ದೇ ತಡ, ಅವಳು ಕೈ ಅಡ್ಡ ಹಿಡಿದಳು.

"ಅವನ್ನ ಬೈಯಬ್ಯಾಡ. ಅವನ ಮ್ಯಾಲೆ ನನಗೇನು ಸಿಟ್ಟಿಲ್ಲ, ಅವನು ನನಗ ಯಾರು?"

ಆಮೇಲೆ ಅವಳು ತೆಲುಗಿಗೆ ಹೊರಳಿದಳು, ಮಾತಿಗೆ ವೇಗ ಬಂತು. ಲೀಗ್‌ನ ನಿಯಮಗಳ ಪುಸ್ತಕವನ್ನು ಅವಳೇ ಓದಿದ್ದಳು. ಪ್ರತಿ ಸೀಸನ್ನಿಗೂ ಕ್ಲಬ್ಬಿನ ಪಟ್ಟಿಗೆ ಆಟಗಾರ್ತಿಯ ಹೊಸ ಸಹಿ ಬೇಕು. ಯಾವ ಪಟ್ಟಿಯಲ್ಲೂ ಸಹಿ ಮಾಡದೆ ಒಂದು ವರ್ಷ ಹೊರಗೆ ಕೂತವಳ ಮೇಲೆ ಹಳೆಯ ಕ್ಲಬ್ಬಿಗೆ ಹಕ್ಕಿಲ್ಲ. ಆದ್ದರಿಂದ ಅವಳು ಎಲ್ಲಿಯೂ ಸಹಿ ಮಾಡುವುದಿಲ್ಲ. ಇದೇ ಊರಿನಲ್ಲಿದ್ದು ದುರ್ಗಾಭವಾನಿಯ ಮೈದಾನದಲ್ಲಿ ಅಭ್ಯಾಸ ಮಾಡುತ್ತಾಳೆ, ಸಣ್ಣ ಹುಡುಗಿಯರಿಗೆ ಚೆಂಡು ಹಿಡಿಯುವುದನ್ನು ಕಲಿಸುತ್ತಾಳೆ. ಪಂದ್ಯದ ದಿನ ಗೋಲಿನ ಹಿಂದೆ ಕೂರುತ್ತಾಳೆ. ಮುಂದಿನ ವರ್ಷ ತನಗೆ ಬೇಕಾದಲ್ಲಿ, ತಾನೇ ಓದಿ, ಸಹಿ ಹಾಕುತ್ತಾಳೆ.

"ಒಂದು ವರ್ಷ ಹಾಳಾಗತದ ನೇಹಾ" ಎಂದ ನರಹರಿ ಕನ್ನಡದಲ್ಲೇ. "ಬೆಂಚಿನ ಮ್ಯಾಲೆ ಎರಡು ವರ್ಷ ಹೋಗ್ಯಾವ, ಈಗ ಮತ್ತೊಂದು. ಇದನ್ನ ಕೊಟ್ಟು ನೋಡೋಣ, ಕೇಳತಾರ, ಕೇಳದ ಏನು ಮಾಡತಾರ—"

"ಹಾಳಾಗತದ. ಗೊತ್ತು ನನಗ." ಅವಳೂ ಕನ್ನಡಕ್ಕೆ ಬಂದಳು. ಕಣ್ಣು ಕೆಂಪಾಗಿತ್ತು, ನೀರಿರಲಿಲ್ಲ. "ನಾಲ್ಕು ಪುಟ ಬರದೀ. 'ತಪ್ಪು ನನ್ನದು' ಅಂತ ಒಂದು ಸಾಲು ಇಲ್ಲ ಇದರಾಗ."

ನರಹರಿ ಹಾಳೆಗಳನ್ನು ನೋಡಿದ. ಇರಲಿಲ್ಲ. ಅಂಥದೊಂದು ಸಾಲು ಬರೆಯಬೇಕೆಂದು ರೈಲಿನ ಆರು ಗಂಟೆಯಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಈಗ ಅದನ್ನು ಬಾಯಿಂದ ಹೇಳಬೇಕು ಎಂದುಕೊಂಡ. ಹೇಗೆ ಶುರು ಮಾಡುವುದೆಂದು ತಿಳಿಯಲಿಲ್ಲ. ಸಾವಿರ ಕಾಗದ ಬರೆದ ಮನುಷ್ಯ, ನೀರಿನ ಲೋಟ ಹಿಡಿದು ಕೂತ.

ಅವಳು ಚೀಲ ಹೆಗಲಿಗೇರಿಸಿಕೊಂಡು ಎದ್ದಳು. ಮೂರಕ್ಕೆ ಅಭ್ಯಾಸವಿತ್ತು.

"ಊರು ಮುಟ್ಟಿದ ಮ್ಯಾಲೆ ಅವ್ವನ ಕೈಲೆ ಫೋನ್ ಮಾಡಸು. ನೀ ಮಾಡಬ್ಯಾಡ ಅಪ್ಪಾ. ನನ್ನ ಸಿಟ್ಟು ಇಳಿದ ಮ್ಯಾಲೆ ನಾನ ಮಾಡತೀನಿ."

ಎಷ್ಟು ದಿನ ಆಗತದ ಎಂಬ ಮಾತು ನರಹರಿಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಕೇಳುವ ಮುಖ ಅವನಿಗಿರಲಿಲ್ಲ.