ಹಿಂದಿನ ಸೀಟಿನ ತೂಕ

ಮೂರನೆಯ ಮೇವಿನ ಚೀಲವನ್ನೂ ಹಿಂದಿನ ಸೀಟಿಗೆ ಬಿಗಿದು ಕಟ್ಟಿ, ಊಲಾ ಹೆಪ್ಪುಗಟ್ಟಿದ ಕೆರೆಯ ಮೇಲೆ ಒಂದು ಸುತ್ತು ಹೊಡೆದು ಮನೆಯ ಹಿಂದಿನ ದಿಬ್ಬ ಹತ್ತಿಸಿದ. ಹಿಮದ ಮೇಲೆ ಓಡುವ ಅವನ ಇಪ್ಪತ್ತಾರು ವರ್ಷದ ಸ್ನೋಮೊಬೈಲ್ ಗಾಡಿ ಒಂದಿಷ್ಟೂ ಏದುಸಿರು ಬಿಡಲಿಲ್ಲ. ಇಳಿದವನೇ ಬಾನೆಟ್ ಎತ್ತಿದ. ಕ್ಲಚ್ಚಿನ ತಟ್ಟೆಯ ಮೇಲೆ ಅವನು ಎಳೆದಿದ್ದ ಸ್ಕೆಚ್ ಪೆನ್ನಿನ ಗೆರೆಯನ್ನು ಬೆಲ್ಟು ಅಂಚಿನವರೆಗೂ ಉಜ್ಜಿ ಅಳಿಸಿತ್ತು. ಬೆಲ್ಟು ಅಷ್ಟೆತ್ತರ ಏರಿತೆಂದರೆ ಕ್ಲಚ್ಚು ಹದಕ್ಕೆ ಬಂದಂತೆ.

ಮದುವೆಯಾದ ಈಸ್ಟರಿನಲ್ಲಿ ಗುಡ್ಡದಾಚೆಯ ಊರಿನಿಂದ ಇಂಗಾಳನ್ನು ಅವನು ಕರೆತಂದದ್ದು ಇದೇ ಗಾಡಿಯಲ್ಲಿ. ಆಮೇಲೆ ಪ್ರತಿ ಈಸ್ಟರಿಗೂ ತವರಿಗೆ ಹೋಗುವುದು ಇದರಲ್ಲೇ. ಹೋದ ವರ್ಷ ಮಾತ್ರ ಗಾಡಿ ಇಬ್ಬರನ್ನು ಹೊರಲಾರೆನೆಂದು ಗುಡ್ಡದ ನಡುವೆ ಮುಷ್ಕರ ಹೂಡಿದ್ದರಿಂದ, ಇಂಗಾ ತನ್ನ ತಮ್ಮ ಆಸ್ಲಾತನ ಹೊಸ ಗಾಡಿಯೇರಿ ಹೋಗಿದ್ದಳು. ಖಾಲಿ ಸೀಟು ಹೊತ್ತು ಅತ್ತೆಮನೆ ಮುಟ್ಟಿದ ಅವಮಾನ ಊಲಾನಿಗೆ ಇನ್ನೂ ಆರಿರಲಿಲ್ಲ. ಈ ಸಲ ಅವಳು ತನ್ನ ಹಿಂದೆಯೇ ಕೂತು ಗುಡ್ಡ ದಾಟಬೇಕು, ಅಷ್ಟೇ ಅವನ ಆಸೆ.

ಹಿಂದಿನ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಂಗಾಳನ್ನು ಮೆಲ್ಲಗೆ ಕೇಳಿದ್ದ. "ನಿನ್ನ ತೂಕ ಎಷ್ಟು ಅಂತ ಹೇಳಿದ್ರೆ ಕ್ಲಚ್ಚಿನ ಸ್ಪ್ರಿಂಗು ಎಷ್ಟು ಬಿಗೀಬೇಕು ಅಂತ ಗೊತ್ತಾಗುತ್ತೆ."

"ಮೊದ್ಲು ಆಸ್ಲಾತ್ ಹತ್ರ ಹೋಗಿ, ನಿನ್ನ ಹಿಂಡಲ್ಲಿ ಎಷ್ಟು ಹಿಮಸಾರಂಗ ಇವೆ ಅಂತ ಕೇಳ್ಕೊಂಡ್ ಬಾ. ಅವನು ಹೇಳಿದ್ರೆ ನಾನೂ ಹೇಳ್ತೀನಿ."

ಹಿಂಡಿನ ಲೆಕ್ಕ ಕೇಳುವುದಕ್ಕಿಂತ ಮರ್ಯಾದೆಗೆಟ್ಟ ಮಾತು, ಹಿಂಡೇ ಆಸ್ತಿಯಾದ ಆ ಸೀಮೆಯಲ್ಲಿ ಇನ್ನೊಂದಿಲ್ಲ. ಊಲಾ ಬಾಗಿಲಿನಿಂದ ಹಿಂದೆ ಸರಿದ. ಮದುವೆಯ ದಿನದ ಇಂಗಾಳನ್ನು ಕಣ್ಣಮುಂದೆ ತಂದುಕೊಂಡು, ಅವಳ ತೂಕ ಮೂರು ಚೀಲ ಎಂದು ತಾನೇ ತೀರ್ಮಾನಿಸಿದ.

ಚೀಲ ಕಟ್ಟಿ ನೋಡಿದ ಮರುದಿನ, ಇಂಗಾಳನ್ನು ಹಿಂದೆ ಕೂರಿಸಿಕೊಂಡು ಗುಡ್ಡದ ಮುಕ್ಕಾಲು ಭಾಗ ಏರುವಷ್ಟರಲ್ಲಿ ಇಂಜಿನ್ನಿನ ದನಿ ಕುಗ್ಗಿತು. ಬೆಲ್ಟಿನ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಗಾಡಿ ನಿಂತೇಬಿಟ್ಟಿತು.

ತನ್ನ ಗಾಡಿಯಲ್ಲಿ ಜೊತೆಗೆ ಹೊರಟು ಆಗಲೇ ಮೇಲೆ ತಲುಪಿದ್ದ ಆಸ್ಲಾತ ಅಲ್ಲಿಂದಲೇ ಕೂಗಿದ. "ಅಕ್ಕಾ, ನಡ್ಕೊಂಡ್ ಬಾ! ನನ್ನ ಸೀಟು ಬೆಚ್ಚಗಿದೆ!"

ಇಂಗಾ ಹಿಮಕ್ಕಿಳಿದು ಗಂಡನ ಮುಖ ನೋಡಿದಳು. "ಎಷ್ಟು ಚೀಲ ಕಟ್ಟಿ ನೋಡಿದ್ದೆ?"

"ಮೂರು."

"ಮೂರಾ?" ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಾರಾಯ, ಯಾವ ಕಾಲದಲ್ಲಿದ್ದೀಯ ನೀನು! ಆಮೇಲೆ ಇಪ್ಪತ್ತಾರು ವರ್ಷ ನೀನು ತಂದ ಮಾಂಸ ತಿಂದೋರು ಯಾರು?"

ಅವನ ಜೇಬಿನಿಂದ ಸ್ಕೆಚ್ ಪೆನ್ನು ಕಸಿದು, ಬಾನೆಟ್ ಎತ್ತಿ ಅದರ ಒಳಮೈಯಲ್ಲಿ ಅವನು ವರ್ಷವರ್ಷವೂ ಗೀಚಿಟ್ಟಿದ್ದ ಸ್ಪ್ರಿಂಗಿನ ಲೆಕ್ಕಗಳ ಕೆಳಗೆ ಒಂದು ಸಂಖ್ಯೆ ಬರೆದಳು. "ಓದ್ಕೋ. ಬಾಯ್ಬಿಟ್ರೆ ನೋಡು."

ಊಲಾ ಓದಿಕೊಂಡ. ಹುಬ್ಬು ಮೇಲೇರದಂತೆ ಬಹಳ ಜತನದಿಂದ ಓದಿಕೊಂಡ. ಕೈಗವಸು ಕಳಚಿ, ಸ್ಪ್ಯಾನರ್ ಹಿಡಿದು ಹಿಂದಿನ ಕ್ಲಚ್ಚನ್ನು ಬಿಚ್ಚಿದ. ಇನ್ನಷ್ಟು ಬಿಗಿಯಾಗಲೆಂದು ಸ್ಪ್ರಿಂಗನ್ನು ತಿರುಚಿ ಎರಡು ತೂತು ಮುಂದಕ್ಕೆ ಸಿಕ್ಕಿಸಿದ. ಬೆರಳು ಮರಗಟ್ಟಿದಾಗಲೆಲ್ಲ ಇಂಗಾ ಅವನ್ನು ತನ್ನ ಕೈಗಳ ನಡುವೆ ಇಟ್ಟುಕೊಂಡು ಉಜ್ಜಿದಳು.

ಗಾಡಿಯನ್ನು ಸ್ವಲ್ಪ ಕೆಳಗಿಳಿಸಿ ಮತ್ತೆ ಶುರುಮಾಡಿದ. ಈ ಸಲ ಇಂಜಿನ್ನಿನ ದನಿ ಒಂದೇ ಸಮನಿತ್ತು. ಗಾಡಿ ಎಲ್ಲೂ ತಡವರಿಸದೆ, ಇಬ್ಬರನ್ನೂ ಹೊತ್ತು ಗುಡ್ಡದ ನೆತ್ತಿ ಮುಟ್ಟಿತು. ಊಲಾನಿಗೆ ಕೂಗಿ ಹಾಡಬೇಕೆನ್ನುವಷ್ಟು ಖುಷಿಯಾಯಿತು.

ಆಸ್ಲಾತನಿಗೆ ನಂಬಿಕೆಯಾಗಲಿಲ್ಲ. ಬಂದವನೇ ಬಾನೆಟ್ ಎತ್ತಿ ಒಳಗೆ ಇಣುಕಿದ. "ಭಾವಾ, ಏನು ಮಾಡಿದ್ರಿ ಇದಕ್ಕೆ? ಇದ್ಯಾವುದು ಈ ಹೊಸ ನಂಬರು?"

"ನಿನ್ನ ಹಿಂಡಲ್ಲಿ ಎಷ್ಟಿವೆ ಹೇಳು, ಆಮೇಲೆ ಹೇಳ್ತೀನಿ."

ಆಸ್ಲಾತ ಒಮ್ಮೆ ಭಾವನನ್ನೂ ಒಮ್ಮೆ ಅಕ್ಕನನ್ನೂ ನೋಡಿದ. ಬಾನೆಟ್ ಮುಚ್ಚಿದ.

ಇಂಗಾ ಸೀಟಿನಿಂದ ಇಳಿದೇ ಇರಲಿಲ್ಲ. ಶಾಲಿನ ಗಂಟು ಬಿಗಿ ಮಾಡಿಕೊಂಡು, ಗಂಡ ಹತ್ತಲಿ ಎಂದು ಒಂದಿಷ್ಟು ಹಿಂದಕ್ಕೆ ಸರಿದು ಕೂತಳು.